ನಾಲ್ಕನೇ ಕ್ಲಾಸಿನವರೆಗೆ ಮಾತ್ರ

ಸಿರಾದ ನಮ್ಮ ಗಲ್ಲಿಯಲ್ಲಿ ನನ್ನನ್ನು ಎಲ್ಲರೂ ಟ್ಯೂಷನ್ ಬಾಜಿ ಅಂತಲೇ ಕರೆಯುತ್ತಾರೆ. ಬಾಜಿ ಅಂದರೆ ಅಕ್ಕ. ಗಲ್ಲಿಯಲ್ಲಿ ಹೆಚ್ಚಿನವು ಮುಸಲ್ಮಾನರ ಮನೆಗಳು, ಮಕ್ಕಳಿಗೆ ಮನೆಯಲ್ಲಿ ಉರ್ದು, ಸ್ಕೂಲಿನಲ್ಲಿ ಕನ್ನಡ. ಸಂಜೆ ಚಹಾ ಕುಡಿದು ನಮ್ಮ ಮನೆಯ ಪಡಸಾಲೆಗೆ ಬಂದು ಕೂರುತ್ತವೆ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಹೇಳಿಕೊಡುತ್ತೇನೆ. ಮಗು ಐದಕ್ಕೆ ಹೋದ ದಿನವೇ ಇನ್ನು ಬೇರೆ ಕಡೆ ನೋಡಿಕೊಳ್ಳಿ ಅಂದುಬಿಡುತ್ತೇನೆ. ತಾಯಂದಿರು ಬಾಗಿಲ ಹತ್ತಿರ ನಿಂತು, "ಬಾಜಿ, ಐದನೇದೂ ತಗೋಳಿ ನಾ, ನಿಮ್ ಹತ್ರ ಚೆನ್ನಾಗಿ ಓದ್ತಾನೆ" ಅಂತ ಗೋಗರೆಯುತ್ತಾರೆ. ನನಗೆ ಟೈಮಿಲ್ಲ ಅನ್ನುತ್ತೇನೆ. ಅದು ಸುಳ್ಳು. ನನಗೆ ಐದನೇ ಕ್ಲಾಸು ಬರುವುದಿಲ್ಲ.

ಬರುವುದಿಲ್ಲ ಅಂದರೆ ಈಗ ಪುಸ್ತಕ ಹಿಡಿದು ಕೂತರೆ ಬಾರದೇನಲ್ಲ. ಆಮೇಲೆ ಮನೆಯಲ್ಲೇ ಕೂತು ಓದಿ, ಪರೀಕ್ಷೆ ಕಟ್ಟಿ, ಹತ್ತನೆಯದನ್ನೂ ಮುಗಿಸಿದ್ದೇನೆ. ಆದರೆ ಐದನೇ ಕ್ಲಾಸಿನ ಗಣಿತದ ಪುಸ್ತಕ ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಎರಡು ವರ್ಷ ಆ ಕ್ಲಾಸಿನಲ್ಲಿ ಕೂತವಳು ನಾನು, ಆ ಎರಡು ವರ್ಷವೂ ನನಗೆ ಅದನ್ನು ಯಾರೂ ಕಲಿಸಲಿಲ್ಲ.

ನಮ್ಮೂರು ಪಾವಗಡದಿಂದ ಆಚೆ. ಊರಿನ ಹಿಂದಿನ ಹೊಲಗಳನ್ನು ದಾಟಿದರೆ ಆಂಧ್ರ. ನಕಾಶೆಯಲ್ಲಿ ಕರ್ನಾಟಕ, ಬಾಯಲ್ಲಿ ತೆಲುಗು. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಗೋಡೆ, ಸ್ಕೂಲು, ಈ ಮೂರು ಕಡೆ ಬಿಟ್ಟರೆ ಊರಿನಲ್ಲಿ ಕನ್ನಡ ಇದ್ದದ್ದು ನಮ್ಮ ಮನೆಯಲ್ಲಿ. ನಮ್ಮಮ್ಮ ಬರಗೂರಿನ ಕಡೆಯವಳು. ಮದುವೆಯಾಗಿ ಬಂದು ಎಷ್ಟು ವರ್ಷವಾದರೂ ಅವಳಿಗೆ ತೆಲುಗು ಸರಿಯಾಗಿ ಹೊರಳಲಿಲ್ಲ. ಅಪ್ಪನೊಂದಿಗೆ ಹರಕುಮುರುಕು ತೆಲುಗು ಆಡುತ್ತಿದ್ದಳು, ನನ್ನೊಂದಿಗೆ ತನ್ನ ಊರಿನ ಕನ್ನಡ. ಹಾಗಾಗಿ ನನಗೆ ಎರಡೂ ಬಂತು. ಇದು ನನ್ನ ಭಾಗ್ಯ ಅಂತ ಊರೆಲ್ಲ ಹೇಳುತ್ತಿತ್ತು.

ಸ್ಕೂಲು ಒಂದರಿಂದ ಐದು. ಒಂದು ಕೋಣೆ, ಒಂದು ಜಗಲಿ, ಒಬ್ಬರೇ ಮೇಡಂ. ಇನ್ನೊಬ್ಬ ಮೇಷ್ಟ್ರ ಹೆಸರು ಹಾಜರಿಯಲ್ಲಿ ಇತ್ತಂತೆ, ಅವರ ಮುಖ ನಾವು ನೋಡಲಿಲ್ಲ. ಅವರನ್ನು ಬೇರೆ ಯಾವುದೋ ಕೆಲಸಕ್ಕೆ ಹಾಕಿದ್ದರು. ಮೇಡಂ ಮಧುಗಿರಿಯವರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅವರಿಗೆ ತೆಲುಗು ಒಂದು ಪದ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ವರ್ಗ ಆಗುತ್ತದೆ ಅಂತ ಪ್ರತಿ ವರ್ಷ ಕಾಯುತ್ತಿದ್ದರು. ವರ್ಗದ ದಾರಿ ನೋಡುತ್ತ ಕೂತವರು ಊರಿನ ಭಾಷೆ ಯಾಕೆ ಕಲಿತಾರು?

ಒಂದನೇ ಕ್ಲಾಸಿನಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಇಂದ ಅಲ್ಲ. ರ, ಗ, ಸ, ದ, ಅ, ಮೊದಲು ಈ ಐದು. ಈ ಐದರಲ್ಲೇ ಪದ ಕಟ್ಟಬೇಕು. ಸರ, ದರ, ಅರಸ, ಗರಗಸ. ಒಂದೊಂದು ಪದಕ್ಕೂ ಚಿತ್ರ ಇರುವ ಕಾರ್ಡು. ಅಪ್ಪ ಮೊದಲ ವಾರವೇ ಬಂದು, ಅಕಾರ ಬಿಟ್ಟು ರಕಾರದಿಂದ ಶುರು ಮಾಡುವ ಸ್ಕೂಲು ಯಾವುದು ಅಂತ ತೆಲುಗಿನಲ್ಲಿ ಜಗಳ ತೆಗೆದ. ಅವನು ಏನು ಕೇಳುತ್ತಿದ್ದಾನೆ ಅಂತ ಮೇಡಂಗೆ ಗೊತ್ತಾಗಲಿಲ್ಲ, ಮೇಡಂ ಕೊಟ್ಟ ಉತ್ತರ ಅವನಿಗೆ ಗೊತ್ತಾಗಲಿಲ್ಲ. ಮಧ್ಯೆ ನಿಂತಿದ್ದ ನಾನು ಅಪ್ಪನ ಮಾತನ್ನು ಮೇಡಂಗೆ, ಮೇಡಂ ಮಾತನ್ನು ಅಪ್ಪನಿಗೆ ಹೇಳಿದೆ. ಮೇಡಂ ಕಣ್ಣರಳಿಸಿ ನನ್ನನ್ನೇ ನೋಡಿದರು. ನನ್ನ ಗ್ರಹಚಾರ ಅವತ್ತು ಶುರುವಾಯಿತು.

ಮಾರನೇ ದಿನ ಮೇಡಂ ಗರಗಸದ ಕಾರ್ಡು ಎತ್ತಿ ಹಿಡಿದು, ಇದೇನು ಅಂದರು. ಮಕ್ಕಳೆಲ್ಲ "ರಂಪಂ" ಅಂದವು. ತೆಲುಗಿನಲ್ಲಿ ಅದು ಸರಿಯೇ. ಮೇಡಂ ತಪ್ಪು ಅಂದರು. ಮಕ್ಕಳು ಇನ್ನೂ ಜೋರಾಗಿ ರಂಪಂ ಅಂದವು. ನಮ್ಮೂರಿನ ಬಡಗಿಯ ಮಗನೂ ಅಲ್ಲಿ ಕೂತಿದ್ದ, ಅವನು ದಿನಾ ನೋಡುವ ವಸ್ತು ಅದು, ಪಾಪ ಅವನು ಎದ್ದು ನಿಂತು ಕೈ ಹಿಂದೆ ಮುಂದೆ ಆಡಿಸಿ ಕೊಯ್ದು ತೋರಿಸಿದ. ಅವನಿಗೆ ಏಟು ಬಿತ್ತು. ಆಮೇಲೆ ಮೇಡಂ ನನ್ನನ್ನು ಕರೆದು, "ಇವರಿಗೆ ಹೇಳಮ್ಮ, ಇದು ಗರಗಸ ಅಂತ" ಅಂದರು. ನಾನು ಹೇಳಿದೆ. ಎಲ್ಲರೂ ಗರಗಸ ಅಂದರು. ಮೇಡಂ ಕುರ್ಚಿಯಲ್ಲಿ ಒರಗಿ ಕೂತು ಉಸಿರು ಬಿಟ್ಟರು. ಒಂದನೇ ಕ್ಲಾಸಿನಲ್ಲಿ ಮಕ್ಕಳು ಏನು ಕಲಿಯುತ್ತಾರೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಗೊತ್ತಿದ್ದದ್ದು ತಪ್ಪು ಅಂತ ಕಲಿಯುತ್ತಾರೆ.

ನಲಿ-ಕಲಿ ಕೋಣೆಯಲ್ಲಿ, ಅಂದರೆ ಚಿಕ್ಕ ಕ್ಲಾಸಿನವರು ಸೇರಿ ಕೂರುವ ಕೋಣೆಯಲ್ಲಿ, ಸೂರಿನಿಂದ ಐದು ತಟ್ಟೆ ಇಳಿಬಿಟ್ಟಿರುತ್ತಾರೆ. ರಟ್ಟಿನ ದುಂಡನೆ ತಟ್ಟೆಗಳು. ಒಂದು, ಎರಡು, ಮೂರನೇ ಕ್ಲಾಸಿನವರು ಎಲ್ಲ ಅದೇ ಕೋಣೆ, ಕ್ಲಾಸು ಲೆಕ್ಕಕ್ಕಿಲ್ಲ, ಯಾರಿಗೆ ಎಷ್ಟು ಬರುತ್ತದೆ ಅನ್ನುವುದರ ಮೇಲೆ ಯಾವ ತಟ್ಟೆಯ ಕೆಳಗೆ ಅಂತ ತೀರ್ಮಾನ. ಏನೂ ಬಾರದವರು ಮೊದಲನೇ ತಟ್ಟೆಯ ಕೆಳಗೆ, ಅವರಿಗೆ ಮೇಡಂದು ಪೂರ್ತಿ ಸಹಾಯ, ಮೇಡಂ ಅವರ ಮಧ್ಯೆಯೇ ಕೂತಿರುತ್ತಾರೆ. ಎರಡನೆಯದಕ್ಕೆ ಅರ್ಧ ಸಹಾಯ. ಮೂರು ನಾಲ್ಕಕ್ಕೆ ಗೆಳೆಯರು ಹೇಳಿಕೊಡಬೇಕು. ಐದನೇ ತಟ್ಟೆಯವರು ತಾವೇ ಕಲಿತುಕೊಳ್ಳುತ್ತಾರೆ. ಈ ಏರ್ಪಾಟು ಮಾಡಿದವರು ಒಳ್ಳೆಯ ಉದ್ದೇಶದಿಂದಲೇ ಮಾಡಿರಬೇಕು. ಹಳ್ಳಿಯ ಒಬ್ಬಂಟಿ ಮೇಡಂ ಕೈಗೆ ಬಂದಾಗ ಅದು ಏನಾಯಿತು ಅಂದರೆ, ಮೂರು ಮತ್ತು ನಾಲ್ಕನೇ ತಟ್ಟೆಯ ಗೆಳೆಯರು ಅಂದರೆ ನಾನೊಬ್ಬಳೇ. ನನಗೆ ಐದನೇ ತಟ್ಟೆ. ತಟ್ಟೆಯ ಕೆಳಗೆ ನಾನು ಕೂತದ್ದೇ ಇಲ್ಲ.

ಎರಡನೇ ಕ್ಲಾಸಿನಲ್ಲಿ ಕಾಗುಣಿತ, ಒತ್ತಕ್ಷರ, ದಶಕ ತಗೊಂಡು ಕಳೆಯುವುದು. ನಾನು ಆ ವರ್ಷ ಒಂದನೇ ಕ್ಲಾಸಿನವರಿಗೆ ರ ಗ ಸ ದ ಅ ಹೇಳಿಕೊಟ್ಟೆ. ಮೂರನೇ ಕ್ಲಾಸಿನಲ್ಲಿ ಮಗ್ಗಿ, ಸಣ್ಣ ಭಾಗಾಕಾರ, ಗಡಿಯಾರ ನೋಡುವುದು. ನಾನು ಆ ವರ್ಷ ಎರಡನೆಯವರಿಗೆ ಕಾಗುಣಿತ ತಿದ್ದಿದೆ. ವಿಚಿತ್ರ ಏನೆಂದರೆ ನನಗೆ ಪ್ರತಿ ಕ್ಲಾಸಿನ ಪಾಠವೂ ಗಟ್ಟಿಯಾದದ್ದು ಅದರ ಮುಂದಿನ ವರ್ಷ, ಬೇರೆಯವರಿಗೆ ಹೇಳಿಕೊಡುವಾಗ. ಕಾಗುಣಿತ ನನಗೆ ಬಂದದ್ದು ಮೂರರಲ್ಲಿ. ಮಗ್ಗಿ ಹಿಂದು ಮುಂದಾಗಿ ಬಂದದ್ದು ನಾಲ್ಕರಲ್ಲಿ. ಯಾವ ವರ್ಷ ನೋಡಿದರೂ ಒಂದು ಕ್ಲಾಸು ಹಿಂದೆ ಇದ್ದೆ, ಆದರೆ ಎಲ್ಲರ ಕಣ್ಣಿಗೆ ಒಂದು ಕ್ಲಾಸು ಮುಂದೆ ಇದ್ದೆ.

ಮೂರರಲ್ಲಿ ಮೇಡಂ ನನ್ನ ಕೈಗೆ ಸ್ಕೇಲು ಕೊಟ್ಟರು. ಅಧಿಕಾರಿಗಳು ಬಂದಾಗ ಮೇಡಂ ಹೊಡೆಯುವುದು ಗೊತ್ತಾದರೆ ತೊಂದರೆ. ಹುಡುಗಿ ಹೊಡೆದರೆ ಅದು ಮಕ್ಕಳ ಜಗಳ. ನಾನು ಹೊಡೆದೆ. ಹೊಡೆಯದಿದ್ದರೆ ನನಗೆ ಬೀಳುತ್ತಿತ್ತು. ಸ್ಕೂಲು ಬಿಟ್ಟ ಮೇಲೆ ಅವರೆಲ್ಲ ಸೇರಿ ಬಡ್ಡಿ ಸಮೇತ ತೀರಿಸುತ್ತಿದ್ದರು. ಚಪ್ಪಲಿಯೊಳಗೆ ಜಾಲಿಮುಳ್ಳು, ಜಡೆಗೆ ಬೆಲ್ಲದ ಪಾಕ, ಬೋರ್‌ವೆಲ್ ಹತ್ತಿರ ಕೊಡದ ನೀರಿಗೆ ಮಣ್ಣು. ನನ್ನ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಚಿಕ್ಕ ಮೇಡಂ ಅಂತಲೇ. ದೊಡ್ಡವರು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು, ಮಕ್ಕಳು ಉಗಿದು ಹೇಳುತ್ತಿದ್ದವು. ಅಮ್ಮನಿಗೆ ಮುಳ್ಳು ಚುಚ್ಚಿದ ಕಾಲು ತೋರಿಸಿದರೆ, "ನೀನು ಹುಷಾರಿ ಅಂತ ಹೊಟ್ಟೆ ಉರ್ಕೊಂತಾರೆ ಕಣಮ್ಮ, ಉರ್ಕೊಳ್ಳಿ ಬುಡು" ಅಂತ ಪಿನ್ನು ತಗೊಂಡು ಮುಳ್ಳು ತೆಗೆಯುತ್ತಿದ್ದಳು. ಅವಳಿಗೂ ಹೆಮ್ಮೆ. ಊರಿನಲ್ಲಿ ಅವಳ ಕನ್ನಡವನ್ನು ಕೇಳಿ ನಗುತ್ತಿದ್ದವರು ಈಗ ಮಗಳಿಂದಾಗಿ ಬಾಯಿ ಮುಚ್ಚಿದ್ದರು.

ನಾಲ್ಕು ಮತ್ತು ಐದನೇ ಕ್ಲಾಸು ಜಗಲಿಯಲ್ಲಿ. ಅಲ್ಲಿ ತಟ್ಟೆ ಇಲ್ಲ, ಕಾರ್ಡು ಇಲ್ಲ, ದಪ್ಪ ಪುಸ್ತಕಗಳು. ದೊಡ್ಡ ಭಾಗಾಕಾರ, ಭಿನ್ನರಾಶಿ, ಸುತ್ತಳತೆ. ಮೇಡಂ ಒಳಗಿನ ಕೋಣೆ ಬಿಟ್ಟು ಬರುತ್ತಿದ್ದದ್ದು ಊಟದ ನಂತರ. ಬಂದು ಕುರ್ಚಿ ಹಾಕಿಸಿಕೊಂಡು ನನ್ನನ್ನು, "ನೀನು ಒಳಗೆ ಹೋಗಿ ಚಿಕ್ಕವರನ್ನ ನೋಡ್ಕೋ" ಅಂತ ಕಳಿಸುತ್ತಿದ್ದರು. ಮೇಡಂ ಜಗಲಿಯಲ್ಲಿದ್ದರೆ ನಾನು ಕೋಣೆಯಲ್ಲಿ, ಮೇಡಂ ಕೋಣೆಯಲ್ಲಿದ್ದರೆ ನಾನು ಜಗಲಿಯಲ್ಲಿ. ಅವರು ನನಗೆ ಪಾಠ ಹೇಳಿದ್ದು ಯಾವಾಗ ಅಂತ ಯಾರೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ. ಎಲ್ಲ ಬರುವವಳಿಗೆ ಪಾಠ ಯಾಕೆ ಅಂತ ನನಗೂ ಅನ್ನಿಸಿತ್ತು.

ಐದಕ್ಕೆ ಬಂದಾಗ ವಸತಿ ಶಾಲೆಯ ಪರೀಕ್ಷೆ. ಅದರಲ್ಲಿ ಪಾಸಾದರೆ ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಇಟ್ಟುಕೊಂಡು ಓದಿಸುತ್ತಾರೆ. ನಮ್ಮೂರಿನಲ್ಲಿ ಐದಕ್ಕೆ ಸ್ಕೂಲು ಮುಗಿಯುತ್ತದೆ. ಮುಂದೆ ಓದಬೇಕಾದರೆ ಬಸ್ಸಿನಲ್ಲಿ ಹೋಗಬೇಕು, ವಾಪಸು ಬರುವ ಬಸ್ಸು ಊರು ಮುಟ್ಟುವಾಗ ಕತ್ತಲಾಗಿರುತ್ತದೆ. ಅಪ್ಪ ಒಂದೇ ಮಾತಿನಲ್ಲಿ ಹೇಳಿದ್ದ. ಸೀಟು ಸಿಕ್ಕಿದರೆ ಹಾಸ್ಟೆಲ್ಲಿಗೆ ಕಳಿಸುತ್ತೇನೆ, ಸಿಗದಿದ್ದರೆ ಓದು ಸಾಕು, ಹೆಣ್ಣುಮಗಳನ್ನು ಕತ್ತಲಲ್ಲಿ ಬಸ್ಸು ಹತ್ತಿಸುವುದಿಲ್ಲ. ಯಾರಿಗೂ ಗಾಬರಿಯಾಗಲಿಲ್ಲ. ನನಗಲ್ಲದೆ ಇನ್ಯಾರಿಗೆ ಸಿಕ್ಕೀತು ಸೀಟು? ಅಮ್ಮ ಆಗಲೇ ಟ್ರಂಕು ನೋಡಿ ಇಟ್ಟಿದ್ದಳು.

ನಮ್ಮ ಸ್ಕೂಲಿನಿಂದ ಪರೀಕ್ಷೆ ಬರೆದದ್ದು ನಾನು ಮತ್ತು ಅದೇ ಬಡಗಿಯ ಮಗ. ಅವನು ಮೂರು ವರ್ಷವೂ ಮೊದಲನೇ ತಟ್ಟೆ ಬಿಟ್ಟು ಏಳಲಿಲ್ಲ. ನನ್ನ ಸ್ಕೇಲಿನ ಏಟು ಅತಿ ಹೆಚ್ಚು ತಿಂದವನೂ ಅವನೇ. ಐದರಲ್ಲಿ ಮೇಡಂ ಅವನನ್ನು ದಿನಾ ಮಧ್ಯಾಹ್ನ ಕುರ್ಚಿಯ ಪಕ್ಕ ಕೂರಿಸಿಕೊಂಡು ಏನೋ ಬರೆಸುತ್ತಿದ್ದರು. ನಾನು ಒಳಗೆ ಚಿಕ್ಕವರಿಗೆ ಮಗ್ಗಿ ಹೇಳಿಸುತ್ತ ಕಿಟಕಿಯಿಂದ ನೋಡುತ್ತಿದ್ದೆ. ದಡ್ಡನಿಗೆ ಪಾಠ ಆಗುತ್ತಿದೆ ಅಂತ ನಗು ಬರುತ್ತಿತ್ತು.

ಪರೀಕ್ಷೆ ಪಾವಗಡದಲ್ಲಿ. ಅಮ್ಮ ಜೊತೆಗೆ ಬಂದಿದ್ದಳು, ಬೆಟ್ಟದ ಮೇಲಿನ ದೇವರ ಕಡೆ ತಿರುಗಿ ಕೈ ಮುಗಿದು ಗೇಟಿನ ಹೊರಗೆ ಉಳಿದಳು. ಪ್ರಶ್ನೆಪತ್ರಿಕೆ ಕೊಟ್ಟರು. ಮೊದಲಿನ ಪುಟಗಳನ್ನು ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಸಿದೆ. ಕೂಡು, ಕಳೆ, ಗುಣಿಸು, ಭಾಗಿಸು, ಗಡಿಯಾರ, ಭಿನ್ನರಾಶಿ. ಪಕ್ಕದ ಮಕ್ಕಳು ಇನ್ನೂ ಮೊದಲ ಪುಟದಲ್ಲೇ ಇದ್ದರು. ಪುಟ ತಿರುಗಿಸಿದೆ. ಅಲ್ಲಿ ಅಂಕಿಗಳ ಮಧ್ಯೆ ಚುಕ್ಕೆ ಇತ್ತು. ಅಚ್ಚಿನಲ್ಲಿ ಇಂಕು ಸಿಡಿದಿರಬೇಕು ಅಂದುಕೊಂಡು ಚುಕ್ಕೆ ಬಿಟ್ಟು ಲೆಕ್ಕ ಮಾಡಿದೆ. ನಾನು ಮಾಡಿದ ಉತ್ತರ ಕೊಟ್ಟ ನಾಲ್ಕರಲ್ಲಿ ಯಾವುದೂ ಇರಲಿಲ್ಲ. ಮುಂದಿನ ಲೆಕ್ಕದಲ್ಲೂ ಚುಕ್ಕೆ. ಅದರ ಮುಂದಿನದರಲ್ಲೂ. ಆಮೇಲೆ ಗೆರೆಗಳು ಕೂಡುವ ಚಿತ್ರಗಳು, ಕೋನ ಅಂತ ಬರೆದಿತ್ತು. ವಿಸ್ತೀರ್ಣ ಅಂತ ಬರೆದಿತ್ತು. ಆ ಪದಗಳನ್ನು ನಾನು ಸ್ಪಷ್ಟವಾಗಿ, ಒತ್ತಕ್ಷರ ತಪ್ಪದೆ ಓದಬಲ್ಲವಳಾಗಿದ್ದೆ. ಅಷ್ಟೇ. ಎದ್ದು ನಿಂತು, ಇದನ್ನು ನಮಗೆ ಕಲಿಸಿಲ್ಲ ಅಂತ ಅಲ್ಲಿದ್ದ ಮೇಷ್ಟ್ರಿಗೆ ಹೇಳಿದೆ. ಅವರು ಕೂತುಕೋ ಅಂತ ಕೈಸನ್ನೆ ಮಾಡಿದರು. ಎರಡು ಸಾಲು ಆಚೆ ಬಡಗಿಯ ಮಗ ನಾಲಿಗೆ ಹೊರಗೆ ಚಾಚಿಕೊಂಡು ನಿಧಾನವಾಗಿ ಬರೆಯುತ್ತಿದ್ದ.

ಹೊರಗೆ ಬಂದಾಗ ಅಮ್ಮ, "ಹೆಂಗ್ ಬರ್ದೆ?" ಅಂದಳು. "ಎಲ್ಲಾ ಬರ್ದ್ಬುಟ್ಟೆ" ಅಂದೆ. ಅವಳು ನನಗೆ ಕಬ್ಬಿನ ಹಾಲು ಕೊಡಿಸಿದಳು. ನಾನು ಕುಡಿದೆ.

ಅವನಿಗೆ ಸೀಟು ಸಿಕ್ಕಿತು. ನನಗೆ ಸಿಗಲಿಲ್ಲ. ಊರು ನಂಬಲಿಲ್ಲ. ಬಡಗಿಯೇ ನಮ್ಮ ಮನೆಗೆ ಬಂದು, ಹೆಸರು ಅದಲು ಬದಲಾಗಿರಬೇಕು, ಇನ್ನೊಂದು ಸಲ ನೋಡಿಸಿ ಅಂತ ಅಪ್ಪನಿಗೆ ಹೇಳಿ ಹೋದ. ಅಷ್ಟು ಒಳ್ಳೆಯ ಮನುಷ್ಯ. ನನಗೆ ಅವನನ್ನು ಅಟ್ಟಿಸಿಕೊಂಡು ಹೋಗಿ ಕಚ್ಚಬೇಕು ಅನ್ನಿಸಿತು.

ರಜೆ ಮುಗಿಯುವ ಹೊತ್ತಿಗೆ ಮೇಡಂ ನಮ್ಮ ಮನೆಗೆ ಬಂದರು. ಮೇಡಂ ಯಾರ ಮನೆಗೂ ಬಂದವರಲ್ಲ. ಅಮ್ಮ ಚಾಪೆ ಹಾಸಿ, ಕಾಫಿ ಮಾಡಿ, ಸೆರಗು ಸರಿ ಮಾಡಿಕೊಂಡು ನಿಂತಳು. ಮೇಡಂ ನನ್ನ ತಲೆ ಸವರಿ, "ನೋಡಿ, ಅವನಿಗೆ ಏನೂ ಬರ್ತಿರ್ಲಿಲ್ಲ. ಅದಕ್ಕೇ ಮೊದಲಿಂದ ಪಕ್ಕದಲ್ಲಿ ಕೂರಿಸ್ಕೊಂಡು ತಿದ್ದಿದೆ. ಇವಳಿಗೆ ಬಿಡಿ, ಬರುತ್ತೆ ಅಂದ್ಕೊಂಡೆ" ಅಂದರು. ಆಮೇಲೆ ವಿಷಯಕ್ಕೆ ಬಂದರು. "ಈ ವರ್ಷ ಐದರಲ್ಲೇ ಇನ್ನೊಂದ್ಸಲ ಕೂರ್ಲಿ. ಗಟ್ಟಿ ಆಗ್ತಾಳೆ. ಮುಂದಿನ ಸಲ ಪರೀಕ್ಷೆ ಕಟ್ಟಿಸ್ತೀನಿ. ಚಿಕ್ಕವರು ತುಂಬಾ ಜನ ಬರ್ತಿದಾರೆ, ಇವಳಿಲ್ದೆ ನಂಗೂ ಆಗಲ್ಲ."

ನಾನು ಎಲ್ಲವನ್ನೂ ಅಪ್ಪನಿಗೆ ತೆಲುಗಿನಲ್ಲಿ ಹೇಳಬೇಕಾಯಿತು. ಅದೂ ನನ್ನದೇ ಕೆಲಸ. ಮೇಡಂ ಹೇಳಿದ ಅಷ್ಟನ್ನೂ ಒಂದಕ್ಷರ ಬಿಡದೆ ಹೇಳಿದೆ. ಸುಳ್ಳು ಹೇಳಬಹುದಿತ್ತು, ನನ್ನನ್ನು ಬಸ್ಸಿನಲ್ಲೇ ಕಳಿಸಿ ಅಂತ ಮೇಡಂ ಹೇಳುತ್ತಿದ್ದಾರೆ ಅನ್ನಬಹುದಿತ್ತು. ಅಮ್ಮ ಪಕ್ಕದಲ್ಲೇ ಇದ್ದಳು, ಅವಳಿಗೆ ಗೊತ್ತಾಗುತ್ತಿತ್ತು. ಅಪ್ಪನ ಮುಖ ಅರಳಿತು. ಮೇಡಂ ಮನೆವರೆಗೂ ಬಂದು ಮಗಳನ್ನು ಕೇಳುತ್ತಿದ್ದಾರೆ. ಅಮ್ಮನೂ, "ಮೇಡಮ್ಮನೇ ಬಂದು ಕೇಳವ್ರೆ, ಇಲ್ಲ ಅನ್ನಾಕಾಗ್ತದಾ?" ಅಂದಳು. ನನ್ನನ್ನು ಯಾರೂ ಕೇಳಲಿಲ್ಲ. ಒಮ್ಮೆ ಬರೆದವರು ಆ ಪರೀಕ್ಷೆ ಮತ್ತೆ ಬರೆಯುವಂತಿಲ್ಲ ಅಂತ ನಮಗೆ ಗೊತ್ತಾದದ್ದು ಮಳೆಗಾಲ ಕಳೆದ ಮೇಲೆ. ಮೇಡಂ, "ಅಯ್ಯೋ, ಹಂಗಂತೆ ಕಣೆ" ಅಂದು ಹಾಜರಿ ಕರೆಯಲು ಶುರು ಮಾಡಿದರು.

ಆ ವರ್ಷ ನನ್ನ ತಂಗಿ ಒಂದನೇ ಕ್ಲಾಸಿಗೆ ಸೇರುವವಳಿದ್ದಳು. ಅವಳೂ ಅಮ್ಮನ ಮಗಳೇ, ಕನ್ನಡ ಅರಳು ಹುರಿದಂತೆ ಆಡುತ್ತಿದ್ದಳು. ನನಗಿಂತ ಚುರುಕು. ಯಾವ ಅಂಗಡಿಯ ಬೋರ್ಡು ಕಂಡರೂ ಇದೇನು ಅಂತ ಕೇಳುವಳು, ಒಂದು ಸಲ ಹೇಳಿದರೆ ಸಾಕು. ಅವಳನ್ನು ನೋಡಿದಾಗೆಲ್ಲ ನನಗೆ ಮೇಡಂ ನಮ್ಮ ಮನೆಯಲ್ಲಿ ಹೇಳಿದ ಮಾತು ಕೇಳಿಸುತ್ತಿತ್ತು. ಏನೂ ಬಾರದವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಬರುವವಳನ್ನು ಬಿಟ್ಟೆ. ನಾನು ಇಷ್ಟು ವರ್ಷದಲ್ಲಿ ಸ್ಕೂಲಿನಲ್ಲಿ ಕಲಿತ ನಿಜವಾದ ಪಾಠ ಅಂದರೆ ಇದೊಂದೇ, ಅದನ್ನು ತಂಗಿಗೆ ಹೇಳಿಕೊಟ್ಟೆ.

ಸ್ಕೂಲು ಶುರುವಾಗುವ ಮುಂಚೆ, ಹಿತ್ತಲಿನಲ್ಲಿ ಹುಣಸೆಹಣ್ಣು ಕುಟ್ಟುವಾಗ ಅವಳನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿಸಿದೆ. ಮೇಡಂ ಏನು ಕೇಳಿದರೂ ತೆಲೀದು ಅನ್ನಬೇಕು. ತೆಲೀದು ಅಂದರೆ ಗೊತ್ತಿಲ್ಲ. ಕನ್ನಡ ಒಂದು ಮಾತೂ ಆಡಬಾರದು. ನಿನ್ನ ಹೆಸರೇನು ಅಂದರೂ ತೆಲೀದು. "ಯಾಕಕ್ಕ?" ಅಂದಳು. ಯಾಕೆ ಅಂತ ಕೇಳಬಾರದು ಅಂದೆ. ಆರು ವರ್ಷದ ಕೂಸಿಗೆ ಅದಕ್ಕಿಂತ ಹೆಚ್ಚು ಹೇಗೆ ಹೇಳುವುದು, ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅವಳಿಗೆ ಆಟ ಅನ್ನಿಸಿತು. ಮರೆತು ಕನ್ನಡ ಆಡಿದಾಗೆಲ್ಲ ತೊಡೆ ಚಿವುಟುತ್ತಿದ್ದೆ. ಆಮೇಲೆ ಆಟ ಅನ್ನಿಸಲಿಲ್ಲ.

ಸ್ಕೂಲಿಗೆ ಬಂದ ಮೊದಲನೇ ದಿನವೇ ಮೇಡಂ ಅವಳನ್ನು ಹತ್ತಿರ ಕರೆದರು. ಚಿಕ್ಕ ಮೇಡಂ ತಂಗಿ ಅಂದರೆ ಇನ್ನೊಬ್ಬ ಚಿಕ್ಕ ಮೇಡಂ ಸಿಕ್ಕ ಹಾಗೆ ಅಂತ ಅವರ ಮುಖದಲ್ಲೇ ಬರೆದಿತ್ತು. ಕಾರ್ಡು ಎತ್ತಿ, "ಇದೇನು ಪುಟ್ಟಿ?" ಅಂದರು. ಸರದ ಚಿತ್ರ. ತಂಗಿ, "ತೆಲೀದು" ಅಂದಳು. ಅರಸನ ಚಿತ್ರ. "ತೆಲೀದು." ನಿನ್ನ ಹೆಸರು? "ತೆಲೀದು." ಮಕ್ಕಳು ನಕ್ಕವು. ಮೇಡಂ ನಗಲಿಲ್ಲ. ನನ್ನ ಕಡೆ ತಿರುಗಿ, "ಏನೇ ಇದು, ನಿಮ್ಮನೇಲಿ ಕನ್ನಡ ಅಲ್ವಾ?" ಅಂದರು. ಇವಳು ಅಜ್ಜಿಯ ಹತ್ತಿರ ಬೆಳೆದವಳು ಮೇಡಂ, ಅಜ್ಜಿಗೆ ಬರೀ ತೆಲುಗು, ಇವಳಿಗೂ ಬರೀ ತೆಲುಗು ಅಂದೆ. ಮೇಡಂ ನನ್ನನ್ನೇ ದಿಟ್ಟಿಸಿದರು. ಅವರು ದಡ್ಡರಲ್ಲ. ಸ್ಕೇಲು ತೆಗೆದು ನನ್ನ ಕೈಗೆ ಕೊಟ್ಟರು.

"ನಾಟಕ ಆಡ್ತಿದಾಳೆ. ನೀನೇ ಕೊಡು ಎರಡು, ಬಾಯಿ ಬಿಡ್ತಾಳೆ" ಅಂದರು.

ತಂಗಿ ನನ್ನ ಮುಖ ನೋಡಿ ನಗಲು ಹೋದಳು. ಅಕ್ಕ ಹೊಡೆಯುವುದಿಲ್ಲ ಅಂತ ಅವಳಿಗೆ ಖಾತ್ರಿ ಇತ್ತು. ಕೈ ಚಾಚು ಅಂದೆ. ಚಾಚಿದಳು. ಹೊಡೆದೆ. ಮೆಲ್ಲಗೆ ಹೊಡೆದರೆ ಮೇಡಂ ನಂಬುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವಳು ಅಳಲು ಶುರು ಮಾಡಿದಳು. ಇದೇನು ಅಂತ ಸರದ ಕಾರ್ಡು ತೋರಿಸಿದೆ. ಅವಳಿಗೆ ಗೊತ್ತಿತ್ತು. ಅಮ್ಮನ ಕುತ್ತಿಗೆಯಲ್ಲಿ ಇರುವುದು ಯಾವ ಮಗುವಿಗೆ ಗೊತ್ತಿಲ್ಲ? ಉತ್ತರ ಹೇಳಿದರೆ ಏಟು ನಿಲ್ಲುತ್ತದೆ ಅಂತಲೂ ಗೊತ್ತಿತ್ತು. ಆದರೆ ಅಕ್ಕ ಹೇಳಿದ್ದಳಲ್ಲ. "ತೆಲೀದು" ಅಂದಳು. ಮತ್ತೆ ಹೊಡೆದೆ. ಅವಳ ಮೂಗು ಸೋರುತ್ತಿತ್ತು. ಅಷ್ಟು ಹೊತ್ತಿಗೆ ಮೇಡಂ, ಸಾಕು ಬಿಡು, ಇವಳಿಗೆ ನಿಜವಾಗ್ಲೂ ಬರಲ್ಲ ಪಾಪ ಅಂದರು. ಅಂದ ಮೇಲೂ ನಾನು ಇನ್ನೊಂದು ಹೊಡೆದೆ.

ಆ ಕೊನೆಯ ಏಟಿನ ಬಗ್ಗೆ ನಾನು ಈಗ ಬಣ್ಣ ಕಟ್ಟಿ ಹೇಳುವುದಿಲ್ಲ. ಮೊದಲಿನವು ಅವಳಿಗಾಗಿ. ಕೊನೆಯದು ನನಗಾಗಿ. ಇನ್ನು ಮೇಲೆ ಮೇಡಂ ಪಕ್ಕದಲ್ಲಿ ಕೂರುವವಳು ಅವಳು, ಪಾಠ ಹೇಳಿಸಿಕೊಳ್ಳುವವಳು ಅವಳು, ನಾನು ಅಲ್ಲ.

ತಂಗಿಯನ್ನು ಮೊದಲನೇ ತಟ್ಟೆಯ ಕೆಳಗೆ ಕೂರಿಸಿದರು. ಮೇಡಂ ತೊಡೆಗೆ ತೊಡೆ ತಾಗಿಸಿಕೊಂಡು ಕೂತು ಅವಳ ಕೈ ಹಿಡಿದು ತಿದ್ದಿಸಿದರು. ಮುಂದಿನ ವರ್ಷಗಳಲ್ಲಿ ಅವಳು ಎಷ್ಟು ಕಲಿತರೂ ಮೇಡಂ ತಲೆಯಲ್ಲಿ ಅವಳು ಅಕ್ಕನಷ್ಟು ಚುರುಕಿಲ್ಲದ ಹುಡುಗಿಯಾಗಿಯೇ ಉಳಿದಳು. ಅವಳಿಗೆ ಚುಕ್ಕೆಯ ಲೆಕ್ಕ ಹೇಳಿಕೊಟ್ಟರು, ಕೋನ ಹೇಳಿಕೊಟ್ಟರು, ವಿಸ್ತೀರ್ಣ ಹೇಳಿಕೊಟ್ಟರು. ನಾನು ಬಿಟ್ಟ ಮೇಲೆ ಸ್ಕೇಲು ಹಿಡಿಯುವುದಕ್ಕೆ ಇನ್ನೊಬ್ಬಳು ಬೇಕಾಯಿತು, ಹಾಲಿನ ಡೇರಿಯ ಪಕ್ಕದ ಮನೆಯ ಹುಡುಗಿಯನ್ನು ಹಿಡಿದರು. ಅವಳೂ ಆರಕ್ಕೆ ಹೋಗಲಿಲ್ಲ. ಅವಳ ಬಗ್ಗೆ ನಾನು ಆಗ ಯೋಚಿಸಲಿಲ್ಲ, ಈಗಲೂ ಯೋಚಿಸುವುದಕ್ಕೆ ಹೋಗುವುದಿಲ್ಲ. ನಾನು ಒಬ್ಬಳನ್ನು ತಪ್ಪಿಸಿದೆ. ಊರಿನ ಎಲ್ಲ ಮಕ್ಕಳನ್ನು ತಪ್ಪಿಸುವುದಕ್ಕೆ ನಾನೇನು ಸರ್ಕಾರವಾ?

ತಂಗಿಗೆ ಸೀಟು ಸಿಕ್ಕಿತು. ಹಾಸ್ಟೆಲ್ಲಿಗೆ ಹೊರಡುವಾಗ ಟ್ರಂಕು ಹಿಡಿಯಲು ಹೋದೆ, ಅವಳು ಆ ಕಡೆಯ ಹಿಡಿಕೆಯನ್ನು ಅಪ್ಪನಿಗೆ ಕೊಟ್ಟಳು. ಅವಳು ಈಗ ತುಮಕೂರಿನಲ್ಲಿ ಕಾಲೇಜು ಓದುತ್ತಾಳೆ. ನಾನು ಮದುವೆಯಾಗಿ ಸಿರಾಕ್ಕೆ ಬಂದ ಮೇಲೆ ಬಸ್ಸು ಬದಲಿಸುವಾಗ ಒಂದೊಂದು ಸಲ ಮನೆಗೆ ಬರುತ್ತಿದ್ದಳು. ನನಗಿಂತ ನನ್ನ ಅತ್ತೆಯೊಂದಿಗೇ ಹೆಚ್ಚು ಮಾತಾಡುವಳು.

ಕೊನೆಯ ಸಲ ಬಂದಾಗ ಅತ್ತೆ, ನಿನ್ನ ಅಕ್ಕನೇ ಅಲ್ವಾ ನಿಂಗೆ ಅಕ್ಷರ ಕಲಿಸಿದ್ದು, ಈ ಗಲ್ಲಿ ಮಕ್ಕಳಿಗೆ ಎಷ್ಟು ಚೆನ್ನಾಗಿ ಕಲಿಸ್ತಾಳೆ ನೋಡು ಅಂದರು. ತಂಗಿ ತಟ್ಟೆಯಲ್ಲಿ ಮುದ್ದೆ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಕ್ಷರ ಕಲಿಸಿದ್ದಾ? ಗೊತ್ತಿಲ್ಲ ಅನ್ನು ಅಂತ ಮನೇಲಿ ಚಿವುಟಿ ಹೇಳ್ಕೊಟ್ಟವಳೂ ಇವಳೇ, ಗೊತ್ತಿಲ್ಲ ಅಂದಿದ್ದಕ್ಕೆ ಸ್ಕೂಲಲ್ಲಿ ಹೊಡೆದವಳೂ ಇವಳೇ" ಅಂದಳು. ಆಮೇಲೆ ನನ್ನ ಕಡೆ ನೋಡಿದಳು. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದು ಅಂತ ಧ್ವನಿಯಲ್ಲೇ ಗೊತ್ತಾಗುತ್ತಿತ್ತು. "ನಿಂಗೆ ಸೀಟು ಸಿಗ್ಲಿಲ್ಲ ಅಂತ ನಾನೂ ದಡ್ಡಿ ಆಗ್ಬೇಕಿತ್ತು, ಅಲ್ವಾ ಅಕ್ಕ? ಹೊಟ್ಟೆಕಿಚ್ಚು ಅಲ್ವಾ ಅದು? ನಿಜ ಹೇಳು."

ಸ್ಕೂಲಿನ ಆ ಐದು ತಟ್ಟೆಗಳ ವಿಷಯ ಹೇಳಬಹುದಿತ್ತು. ಬಡಗಿಯ ಮಗನ ವಿಷಯ ಹೇಳಬಹುದಿತ್ತು. ಹೇಳಿದ್ದರೆ, ಅವಳು ತನ್ನ ಬುದ್ಧಿಯಿಂದ ಗೆದ್ದುಕೊಂಡೆ ಅಂದುಕೊಂಡಿರುವ ಸೀಟು ನಾನು ಕೊಡಿಸಿದ್ದಾಗುತ್ತಿತ್ತು. ಉಣ್ಣುವ ಅನ್ನವನ್ನೂ ಅವಳು ನನ್ನ ಮುಖ ನೋಡಿ ಉಣ್ಣಬೇಕಾಗುತ್ತಿತ್ತು. ಅಲ್ಲದೆ ಆ ಕೊನೆಯ ಏಟು ಒಂದಿತ್ತಲ್ಲ, ಅದಕ್ಕೆ ಬೇರೆ ಉತ್ತರ ನನ್ನ ಹತ್ತಿರ ಇರಲಿಲ್ಲ.

"ಹೂಂ ಕಣೆ" ಅಂದೆ. "ಹೊಟ್ಟೆಕಿಚ್ಚು."

ಅವಳು ಊಟ ಮುಗಿಸಿ ಕೈ ತೊಳೆದು ಅತ್ತೆಗೆ ಮಾತ್ರ ಹೇಳಿ ಹೊರಟಳು. ಈಗಲೂ ಸಿರಾದಲ್ಲೇ ಬಸ್ಸು ಬದಲಿಸುತ್ತಾಳೆ. ಮನೆಗೆ ಬರುವುದಿಲ್ಲ.